ಮಿಂಚುಳ್ಳಿಯ ಎರಡು ಎಡಗಾಲು

ಮದ್ರಾಸಿನ ಕೀಲ್ಪಾಕಿನ ಒಂದು ಹಳೆಯ ಫ್ಲ್ಯಾಟು ಕಟ್ಟಡದಲ್ಲಿ, ನೆಲಮಹಡಿಯ ಎಡಗಡೆಯ ಮನೆಗೆ ಅಕ್ಕಪಕ್ಕದವರು ‘ತಾಳಿಕ್ಕಾದ ವೀಡು’ ಅಂತ ಹೆಸರಿಟ್ಟಿದ್ದರು. ಒಗ್ಗರಣೆ ಬೀಳದ ಮನೆ ಅಂತ ಅರ್ಥ. ಆ ಮನೆಯ ಯಜಮಾನನಿಗೆ ಸಾಸಿವೆ ಸಿಡಿಯುವ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದಂತೆ ಅಂತ ಮೊದಲನೇ ಮಹಡಿಯವರು ಹೇಳುತ್ತಿದ್ದರು. ಎರಡನೇ ಮಹಡಿಯವರು ಅದನ್ನು ಒಪ್ಪುತ್ತಿರಲಿಲ್ಲ. ಅದು ಯಾವುದೋ ಹರಕೆ, ಮಗಳ ಮದುವೆಗೆ ಹೊತ್ತದ್ದು, ಮದುವೆಯಾದ ಮೇಲೂ ಬಿಡುವುದು ಮರೆತಿದ್ದಾರೆ ಅನ್ನುತ್ತಿದ್ದರು. ಎದುರು ಮನೆಯ ಆಡಿಟರು ಮಾತ್ರ ದನಿ ತಗ್ಗಿಸಿ, ಮೂವತ್ತು ವರ್ಷದಿಂದ ಕಿಟಕಿ ತೆಗೆಯದ ಮನೆಯಲ್ಲಿ ಚಿನ್ನವಲ್ಲದೆ ಇನ್ನೇನಿರುತ್ತದೆ ಅಂತ ಕೇಳುತ್ತಿದ್ದ.

ಇದ್ದದ್ದು ಚಿನ್ನವಲ್ಲ. ಕಾಮಿಕ್ಸ್ ಪುಸ್ತಕ, ಲೆಕ್ಕಕ್ಕೆ ನಲವತ್ತು.

ಯಜಮಾನನ ಹೆಸರು ಹರಿಹರ. ದಾವಣಗೆರೆ ಕಡೆಯಿಂದ ಅವನ ಅಪ್ಪ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿಗೆ ಫಿಟ್ಟರಾಗಿ ಬಂದವರು. ಹರಿಹರ ಹುಟ್ಟಿದ್ದು, ಬೆಳೆದದ್ದು ರೈಲ್ವೆ ಕ್ವಾರ್ಟರ್ಸಿನಲ್ಲಿ. ಆಮೇಲೆ ಒಂದು ವಿಮಾ ಕಚೇರಿ ಸೇರಿ ಮೂವತ್ನಾಲ್ಕು ವರ್ಷ ದುಡಿದ. ಅಲ್ಲಿ ಅವನ ಕೆಲಸ ಏನು ಅಂತೀರಿ? ಯಾರದೋ ಕಾರು ಎಲ್ಲಿಗೋ ಗುದ್ದಿದರೆ, ಹೋಗಿ ನೋಡಿ, ಎಷ್ಟು ಹಾಳಾಗಿದೆ ಅಂತ ಬರೆಯುವುದು. ದಿನವಿಡೀ ಗೀರು, ನಗ್ಗು, ಬಿರುಕು ನೋಡಿ ನೋಡಿ, ಲೋಕದಲ್ಲಿ ಒಂದಾದರೂ ವಸ್ತು ಗೀರು ಬೀಳದೆ ಉಳಿಯಬೇಕು ಅನ್ನುವ ಹಂಬಲ ಅವನಿಗೆ ಹತ್ತಿತ್ತು. ಆ ವಸ್ತುವೇ ಮಿಂಚುಳ್ಳಿ.

ಮಿಂಚುಳ್ಳಿ ಯಾರು ಅಂತ ಈಗಿನ ಮಕ್ಕಳಿಗೆ ಹೇಳಬೇಕಾಗುತ್ತದೆ. ಐವತ್ತು ವರ್ಷದ ಹಿಂದೆ ಪ್ಯಾರೀಸ್ ಕಾರ್ನರಿನ ಹಿಂದಿನ ಗಲ್ಲಿಯೊಂದರ ಅಚ್ಚುಕೂಟದಿಂದ ತಿಂಗಳಿಗೊಂದರಂತೆ ಬರುತ್ತಿದ್ದ ಕನ್ನಡ ಕಾಮಿಕ್ಸಿನ ವೀರ ಅವನು. ಹಗಲೆಲ್ಲ ಬಂದರಿನಲ್ಲಿ ಗುಮಾಸ್ತ. ಕಡಲಲ್ಲಿ ಕಳ್ಳಸಾಗಣೆಯವರ ದೋಣಿ ಕಂಡಿತೋ, ಲೈಟ್‌ಹೌಸಿನ ತುದಿಗೆ ಹತ್ತಿ, ನೀಲಿ ಮೇಲುಹೊದಿಕೆ ಹಾರಿಸಿಕೊಂಡು, ತಲೆಕೆಳಗಾಗಿ ನೀರಿಗೆ ಧುಮುಕುತ್ತಿದ್ದ. ಎದೆಗೆ ಕಿತ್ತಳೆ ಬಣ್ಣ, ಕಾಲು ಬರಿಗಾಲು. ಬರೆದವರು ಯಾರು, ಚಿತ್ರ ಹಾಕಿದವರು ಯಾರು, ಎಲ್ಲೂ ಅಚ್ಚಾಗಿರಲಿಲ್ಲ. ನಲವತ್ತು ಸಂಚಿಕೆ ಬಂದು ಅಚ್ಚುಕೂಟ ಬಾಗಿಲು ಹಾಕಿತು.

ಕ್ವಾರ್ಟರ್ಸಿನ ಮೆಟ್ಟಿಲ ಕೆಳಗೆ ಕೂತು, ಗೆಳೆಯರಿಂದ ಕಡ ತಂದು, ಹರಿಹರ ಮೊದಲ ಹತ್ತನ್ನು ಓದಿದ್ದ. ದೊಡ್ಡವನಾದ ಮೇಲೆ ಹಳೇ ಪೇಪರ್ ಅಂಗಡಿಗಳನ್ನು ಜಾಲಾಡಿ, ಹುಬ್ಬಳ್ಳಿ, ಕೊಯಮತ್ತೂರು, ಕೋಲಾರ ಎಲ್ಲ ಸುತ್ತಿ, ಮೂವತ್ತೊಂದು ವರ್ಷದಲ್ಲಿ ನಲವತ್ತನ್ನೂ ಒಟ್ಟು ಮಾಡಿದ. ಹುಡುಕಾಟದ ಮೊದಲ ವರ್ಷವೇ ಅವನಿಗೆ ಗಿರಿಧರ್ ಸಿಕ್ಕಿಬಿಟ್ಟಿದ್ದ.

ಗಿರಿಧರ್ ಬ್ಯಾಂಕಿನಿಂದ ರಿಟೈರಾದವನು, ಹಳೆ ಕಾಮಿಕ್ಸ್ ಕೂಡಿಡುವವರ ಸಂಘದ ಅಧ್ಯಕ್ಷ. ಸಂಘದಲ್ಲಿ ಐದು ಜನ. ಭಾನುವಾರ ಸೇರುತ್ತಾರೆ, ಪುಸ್ತಕಗಳಿಗೆ ಹತ್ತಕ್ಕೆ ಇಂತಿಷ್ಟು ಅಂತ ಅಂಕ ಕೊಡುತ್ತಾರೆ. ಮೂಲೆ ಮಡಿಚಿದ್ದರೆ ಅರ್ಧ ಅಂಕ ಕಟ್. ಬೆರಳ ಗುರುತು ಇದ್ದರೆ ಒಂದು. ಒಳಗೆ ಯಾರಾದರೂ ಹೆಸರು ಬರೆದಿದ್ದರೆ ಆ ಪುಸ್ತಕವನ್ನು ಎಲ್ಲರೂ ಒಂದು ನಿಮಿಷ ಮೌನವಾಗಿ ನೋಡಿ ಪಕ್ಕಕ್ಕಿಡುತ್ತಾರೆ. ಓದಿದಷ್ಟೂ ಪುಸ್ತಕ ಸಾಯುತ್ತದೆ ಅನ್ನುವುದು ಗಿರಿಧರನ ಸಿದ್ಧಾಂತ. ಹಾಗಾಗಿ ಹರಿಹರ ಹನ್ನೊಂದನೆಯದರಿಂದ ಮುಂದಕ್ಕೆ ಒಂದನ್ನೂ ತೆರೆಯಲಿಲ್ಲ. ಸಿಕ್ಕಿದ ಕೂಡಲೇ ಪ್ಲಾಸ್ಟಿಕ್ ಕವರಿಗೆ ಹಾಕಿ, ಹಿಂದೆ ರಟ್ಟು ಕೊಟ್ಟು, ಬಾಯಿ ಮುಚ್ಚಿ, ಪೆಟ್ಟಿಗೆಯಲ್ಲಿಟ್ಟ. ಬಿಸಿಲು ಬಣ್ಣ ತಿನ್ನುತ್ತದೆ ಅಂದ ಗಿರಿಧರ್, ಕಿಟಕಿ ಮುಚ್ಚಿತು. ಎಣ್ಣೆ ಹೊಗೆ ಕಾಗದವನ್ನು ಹಳದಿ ಮಾಡುತ್ತದೆ ಅಂದ, ಒಗ್ಗರಣೆ ನಿಂತಿತು.

ಹರಿಹರನ ಹೆಂಡತಿ ತುಂಗಾ ಇದನ್ನು ಹೇಗೆ ಸಹಿಸಿದಳು ಅಂದರೆ, ಸಹಿಸಲಿಲ್ಲ, ದಾರಿ ಹುಡುಕಿದಳು. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಕುದಿಸಿದ ಸಾರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಮೂವತ್ತಾರು ಮೆಟ್ಟಿಲು ಹತ್ತಿ, ಎರಡನೇ ಮಹಡಿಯ ವೆಂಕಟಲಕ್ಷ್ಮಮ್ಮನ ಅಡುಗೆಮನೆಗೆ ಹೋಗುತ್ತಿದ್ದಳು. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇರುವ ಕನ್ನಡದವರು ವೆಂಕಟಲಕ್ಷ್ಮಮ್ಮ. ಮಾತಿನಲ್ಲಿ ಅರ್ಧ ತಮಿಳು, ಕೈಯಲ್ಲಿ ಪೂರ್ತಿ ಇಂಗು. ಅವರ ಸೌಟಿನಲ್ಲಿ ಒಗ್ಗರಣೆ ಚುರ್ ಅಂದು, ಸಾರು ಘಮಘಮಿಸಿಕೊಂಡು ಮತ್ತೆ ಮೂವತ್ತಾರು ಮೆಟ್ಟಿಲು ಇಳಿದು ಬರುತ್ತಿತ್ತು. ಹತ್ತೊಂಬತ್ತು ವರ್ಷ ಹೀಗೆ ನಡೆದರೂ ವೆಂಕಟಲಕ್ಷ್ಮಮ್ಮನಿಗೆ ಆ ಪುಸ್ತಕಗಳನ್ನು ಒಂದು ಸಲವೂ ತೋರಿಸಿರಲಿಲ್ಲ. ಅವರ ಸೀರೆಯಲ್ಲಿ ಎಣ್ಣೆ ವಾಸನೆ ಇದೆ ಅಂತ ಹರಿಹರನ ಆಕ್ಷೇಪ. ಆ ವಾಸನೆ ತನ್ನ ಸಾರಿನದೇ ಅನ್ನುವುದು ಅವನಿಗೆ ಹೊಳೆದಿರಲಿಲ್ಲ.

ಇನ್ನು ಸಂಘದ ದೊಡ್ಡ ಚರ್ಚೆ ಇದ್ದದ್ದು ಕಲಾವಿದನ ಬಗ್ಗೆ. ಯಾರು ಆ ಮಹಾನುಭಾವ? ನಲವತ್ತು ಸಂಚಿಕೆಯ ಮುಖಪುಟದಲ್ಲೂ ಮಿಂಚುಳ್ಳಿಯ ಎಡಗೈ ಕಾಣುವುದಿಲ್ಲ, ಹೊದಿಕೆಯ ಹಿಂದೆ ಇರುತ್ತದೆ. ಮೊದಲ ಸಂಚಿಕೆಯ ಮುಖಪುಟದಲ್ಲಂತೂ ಎರಡು ಪಾದದ ಹೆಬ್ಬೆರಳೂ ಒಂದೇ ಪಕ್ಕಕ್ಕಿವೆ, ಅಂದರೆ ಎರಡೂ ಎಡಗಾಲು. ಕಾಣದ ಕೈ ವಿಧಿಯ ಸಂಕೇತ ಅಂತ ಗಿರಿಧರ್ ಹದಿನಾಲ್ಕು ಪುಟ ಬರೆದ. ಎರಡು ಎಡಗಾಲು ವ್ಯವಸ್ಥೆಯ ವಿರುದ್ಧದ ಬಂಡಾಯ ಅಂತ ಹರಿಹರ ಒಂಬತ್ತು ಪುಟ ಬರೆದ. ಆ ಕಲಾವಿದ ಸಿಕ್ಕರೆ ಕಾಲಿಗೆ ಬೀಳುತ್ತೇನೆ ಅಂತ ಇಬ್ಬರೂ ಹೇಳಿಕೊಂಡು ತಿರುಗುತ್ತಿದ್ದರು.

ಆ ವರ್ಷ ಡಿಸೆಂಬರಿನಲ್ಲಿ ಮಳೆ ಸುರಿದು, ಬೆಳಗಾಗುವ ಹೊತ್ತಿಗೆ ನೆಲಮಹಡಿಗೆ ನೀರು ನುಗ್ಗಿತು. ತುಂಗಾ ಅಕ್ಕಿ ಡಬ್ಬ ಎತ್ತಿಕೊಂಡಳು, ಹರಿಹರ ಪೆಟ್ಟಿಗೆ ಎತ್ತಿಕೊಂಡ. ಹೋಗುವುದೆಲ್ಲಿಗೆ? ಅದೇ ಮೂವತ್ತಾರು ಮೆಟ್ಟಿಲು. ವೆಂಕಟಲಕ್ಷ್ಮಮ್ಮನ ಊಟದ ಮೇಜಿನ ಮೇಲೆ ಪೆಟ್ಟಿಗೆ ಇಟ್ಟು, ತೇವ ತಗುಲಿದೆಯೇನೋ ಅಂತ ಒಂದೊಂದೇ ತೆಗೆದು ಒರೆಸುತ್ತಿದ್ದಾಗ, ಕಾಫಿ ಹಿಡಿದು ಬಂದ ವೆಂಕಟಲಕ್ಷ್ಮಮ್ಮ ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು.

“ಅಡ, ಇದು ನಮ್ಮ ಕಿಟ್ಟಣ್ಣನ ಮೂತಿ ಅಲ್ಲವಾ?”

ಹರಿಹರನ ಕೈಯಲ್ಲಿದ್ದ ಬಟ್ಟೆ ನಿಂತಿತು.

“ಅದೇ ಮೂಗು. ಅದೇ ಗದ್ದ. ಕೋಡಂಬಾಕ್ಕಂನಲ್ಲಿ ನಮ್ಮಕ್ಕನ ಮನೆ ಹಿಂದುಗಡೆ ಬಾಡಿಗೆಗೆ ಇದ್ದ. ಸಿನಿಮಾ ಬ್ಯಾನರ್‌ಗೆ ಪೈಂಟ್ ಅಡಿಕ್ಕಿರ ಕೆಲಸ. ಹೆಂಡತಿ ಸೀರೇನ ಕಿಟಕಿಗೆ ಕಟ್ಟಿ, ಟೇಬಲ್ ಫ್ಯಾನ್ ಹಾಕ್ಕೊಂಡು, ಕನ್ನಡಿ ಮುಂದೆ ನಿಂತಿರ್ತಿದ್ದ. ಪೈತ್ಯ, ತಲೆಕೆಟ್ಟವನು ಅಂತ ನಾವು ನಗ್ತಿದ್ವಿ. ಈಗಲೂ ಅಲ್ಲೇ ಇದ್ದಾನಪ್ಪ, ಮೊಮ್ಮಗಳ ಜೊತೆ.”

ಹತ್ತೊಂಬತ್ತು ವರ್ಷ. ಒಂದೇ ಒಂದು ದಿನ ಒಂದು ಪುಸ್ತಕ ಮೇಲಕ್ಕೆ ತಂದಿದ್ದರೆ ಆಗುತ್ತಿತ್ತು. ತುಂಗಾ ಕಾಫಿ ಲೋಟದ ಮೇಲಿಂದ ಗಂಡನನ್ನು ಒಮ್ಮೆ ನೋಡಿದಳು, ಅಷ್ಟೇ.

ನೀರು ಇಳಿದ ವಾರಕ್ಕೆ ಹರಿಹರ ಕೋಡಂಬಾಕ್ಕಂಗೆ ಹೋದ. ಸಾಕ್ಷಿಗೆ ಗಿರಿಧರನನ್ನೂ ಕರೆದುಕೊಂಡು ಹೋದ. ಎರಡು ಕೋಣೆಯ ಮನೆ. ಎಂಬತ್ತೈದು ದಾಟಿದ ಕಿಟ್ಟಣ್ಣ ಹಗ್ಗದ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಕುಂದಾಪುರದ ಕಡೆಯಿಂದ ಹೋಟೆಲಿಗೆ ಅಂತ ಬಂದು, ಕಡಲೆಹಿಟ್ಟು ಕಲಸುವುದು ಬಿಟ್ಟು ಬಣ್ಣ ಕಲಸಲು ಹೋದವರು. ಒಂದು ಕಣ್ಣು ಹೋಗಿತ್ತು. ಇನ್ನೊಂದು ಯುಗಾದಿವರೆಗೆ ನಿಂತರೆ ಹೆಚ್ಚು ಅಂದಿದ್ದರಂತೆ ಡಾಕ್ಟರು. ಮೊಮ್ಮಗಳು ವಿಭಾ ಇದನ್ನು ಬಾಗಿಲಲ್ಲೇ ಹೇಳಿ, ಜಾಸ್ತಿ ಹೊತ್ತು ಮಾತಾಡಿಸಬೇಡಿ ಅಂದಳು.

ಇಬ್ಬರೂ ಕಾಲಿಗೆ ಬಿದ್ದರು. ಕಿಟ್ಟಣ್ಣನಿಗೆ ಅದಕ್ಕಿಂತ ಖುಷಿಯಾದದ್ದು ಪುಸ್ತಕಗಳು ಇನ್ನೂ ಇವೆ ಅನ್ನುವುದು. ಅವರ ಹತ್ತಿರ ಒಂದೂ ಇರಲಿಲ್ಲ. ಅಚ್ಚುಕೂಟದವರು ಕೊಟ್ಟಿರಲಿಲ್ಲ, ಕೇಳಲು ಇವರಿಗೆ ನಾಚಿಕೆ. ಗಿರಿಧರ್ ಗಂಟಲು ಸರಿಮಾಡಿಕೊಂಡು, ಕಾಣದ ಎಡಗೈಯ ತತ್ವವೇನು ಅಂತ ಕೇಳಿದ. ಕಿಟ್ಟಣ್ಣ ತಮ್ಮ ಬಲಗೈ ಎತ್ತಿ ತೋರಿಸಿದರು.

“ತತ್ವ ಎಂತದೂ ಇಲ್ಲ ಮಾರಾಯ್ರೆ. ಮಾಡೆಲ್ ಇಟ್ಕೊಳ್ಲಿಕ್ಕೆ ನಮಗೆಲ್ಲಿ ಆಗ್ತದೆ? ಕನ್ನಡಿ ನೋಡ್ಕೊಂಡು ನನ್ನನ್ನೇ ಬರಿತಿದ್ದೆ. ಬ್ರಶ್ ಹಿಡಿದ ಈ ಕೈ ಕನ್ನಡಿಯಲ್ಲಿ ಎಡಗೈಯಾಗಿ ಕಾಣ್ತದಲ್ಲ, ವೀರನ ಕೈಯಲ್ಲಿ ಬ್ರಶ್ ಇದ್ರೆ ಚಂದ ಉಂಟಾ? ಸೀರೆ ಹಿಂದೆ ಅಡಗಿಸ್ತಿದ್ದೆ.”

ಬರಿಗಾಲು ಯಾಕೆ ಅಂದರೆ ಬೂಟು ಇರಲಿಲ್ಲ. ಗಿರಿಧರ್ ತನ್ನ ಹದಿನಾಲ್ಕು ಪುಟವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ.

ಆಮೇಲೆ ಕಿಟ್ಟಣ್ಣ ಹರಿಹರನ ಕಡೆ ತಿರುಗಿ, ನಲವತ್ತನೆಯದರಲ್ಲಿ ಕೊನೆಗೆ ಏನಾಗುತ್ತದೆ, ಮಿಂಚುಳ್ಳಿ ನೀರಿನಿಂದ ಮೇಲೆ ಬರುತ್ತಾನೋ ಇಲ್ಲವೋ, ತನಗೆ ಮರೆತೇಹೋಗಿದೆ ಅಂತ ಕೇಳಿದರು. ಮೂವತ್ತೊಂದು ವರ್ಷ ಆ ಪುಸ್ತಕದ ಬೆನ್ನು ಹತ್ತಿದವನಿಗೆ ಅದು ಗೊತ್ತಿರಲಿಲ್ಲ. ಹರಿಹರ ಟೀ ಬಹಳ ಬಿಸಿ ಇದೆ ಅಂದ.

ಮುಂದಿನ ಭಾನುವಾರ ಕಿಟ್ಟಣ್ಣನ ಮನೆಗೆ ಮೊದಲ ಸಂಚಿಕೆ ಮಾತ್ರ ಹೋಯಿತು. ಹತ್ತಕ್ಕೆ ಒಂಬತ್ತೂವರೆ ಪಡೆದ ಪ್ರತಿ. ಇಡೀ ಸಂಘದಲ್ಲಿ ಅಂಥದ್ದು ಇನ್ನೊಂದಿಲ್ಲ. ಗಿರಿಧರ್ ಬಿಳಿ ಗ್ಲೌಸು ತಂದಿದ್ದ. ಮೂರು ಜೊತೆ ತಂದಿದ್ದ.

“ಎಂತ, ನಾನು ಬರ್ದದ್ದಕ್ಕೆ ನಾನೇ ಕೈಗೆ ಮುಸುಕು ಹಾಕ್ಬೇಕಾ?” ಅಂದರು ಕಿಟ್ಟಣ್ಣ.

ನಿಮ್ಮ ಕೈ ಬೆವರುತ್ತದೆ ಅಂತ ಗಿರಿಧರ್ ವಿನಯದಿಂದ ವಿವರಿಸಿದ. ಕಿಟ್ಟಣ್ಣ ಹಾಕಿಕೊಂಡರು. ಆದರೂ ಪುಟ ತಿರುಗಿಸಿದ್ದು ಗಿರಿಧರನೇ, ಚಿಮಟದಿಂದ. ಮುದುಕರು ಕಣ್ಣಿಗೆ ಭೂತಗನ್ನಡಿ ಹಿಡಿದು ಇನ್ನೂ ಮಿಂಚುಳ್ಳಿಯ ಮೂಗಿನ ಹತ್ತಿರ ಬಂದಿರುತ್ತಿದ್ದರು, ಅಷ್ಟರಲ್ಲಿ ಪುಟ ಹೋಗಿಬಿಡುತ್ತಿತ್ತು. ಎರಡು ಸಲ ‘ನಿಲ್ಸಿ’ ಅಂದರು. ಮೂರನೆಯ ಸಲ ಅನ್ನಲಿಲ್ಲ.

ಕೊನೆಗೆ, ಅವರು ಬಂದ ಕೆಲಸ. ಮುಖಪುಟದ ಬಲಗಡೆ ಕೆಳಮೂಲೆಯಲ್ಲಿ, ಒಂದು ಅಂಗುಲ ಮೀರದಂತೆ, ಕಲಾವಿದರ ಸಹಿ. ಅದಕ್ಕೆಂದೇ ತರಿಸಿದ ಹರಡದ ಕಪ್ಪು ಪೆನ್ನು. ಜಾಗವನ್ನು ಗಿರಿಧರ್ ಬೆರಳಿಂದ ತೋರಿಸಿದ. ಕಿಟ್ಟಣ್ಣ ಒಂದು ಗ್ಲೌಸು ತೆಗೆದು ಪೆನ್ನು ಹಿಡಿದರು. ಮುಖಪುಟವನ್ನು ಆ ಒಂದು ಕಣ್ಣಿನ ಹತ್ತಿರ ತಂದುಕೊಂಡರು. ನೋಡಿದರು. ಮತ್ತೂ ನೋಡಿದರು. ಆಮೇಲೆ, ಯಾರಿಗೂ ಉಸಿರೆಳೆಯಲು ಪುರುಸೊತ್ತು ಕೊಡದೆ, ಸರಸರ ನಾಲ್ಕು ಗೆರೆ ಎಳೆದು ಮಿಂಚುಳ್ಳಿಯ ಒಂದು ಎಡಗಾಲನ್ನು ಬಲಗಾಲು ಮಾಡಿಬಿಟ್ಟರು.

“ಈಗ ಸರಿ ಆಯ್ತು,” ಅಂದರು. “ಅವತ್ತು ಅಚ್ಚುಕೂಟದವ ಬಾಗಿಲಲ್ಲೇ ಕೂತಿದ್ದ, ಕೊಡು ಕೊಡು ಅಂತ. ಐವತ್ತು ವರ್ಷ ಆಯ್ತು, ಈ ಕಾಲು ನನ್ನ ಕನಸಲ್ಲಿ ಬರ್ತದೆ.”

ಚಿತ್ರಗಾರನ ಕೈಗೆ ಪೆನ್ನು ಕೊಟ್ಟು, ಚಿತ್ರ ಮುಟ್ಟಬೇಡ, ಮೂಲೆಯಲ್ಲಿ ಹೆಸರು ಬರೆ ಅಂದರೆ ಕೇಳುತ್ತಾನೆಯೇ? ಲೋಕದಲ್ಲಿ ಕಾಮಿಕ್ಸ್ ಕೂಡಿಡುವವರಲ್ಲದೆ ಬೇರೆ ಯಾರೂ ಹಾಗೆ ನಂಬಲಾರರು. ಗಿರಿಧರ್ ಗೋಡೆಗೆ ಒರಗಿ ಕೂತುಬಿಟ್ಟ. ವಿಭಾ ನೀರು ತಂದುಕೊಟ್ಟಳು. ಸಹಿ ಹಾಕುವುದು ಎಲ್ಲರಿಗೂ ಮರೆತುಹೋಯಿತು.

ಹರಿಹರ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸಂಘದ ತುರ್ತು ಸಭೆ ಸೇರಿತು. ಒಂಬತ್ತೂವರೆ ಇದ್ದದ್ದು ಮೂರಕ್ಕೆ ಇಳಿಯಿತು. ಒಬ್ಬ ಸದಸ್ಯ ಮಾತ್ರ, ಕಲಾವಿದನೇ ತಿದ್ದಿದ್ದರಿಂದ ಇದು ಹತ್ತಕ್ಕೆ ಹನ್ನೆರಡು ಅಂತ ವಾದಿಸಿದ. ಹತ್ತಕ್ಕೆ ಹನ್ನೆರಡು ಕೊಡಲು ನಿಯಮದಲ್ಲಿ ಅವಕಾಶವಿಲ್ಲ ಅಂತ ಅವನನ್ನು ಕೂರಿಸಿದರು. ಉಳಿದ ಮೂವತ್ತೊಂಬತ್ತನ್ನು ಇನ್ನು ಮುಂದೆ ಯಾವ ಕಲಾವಿದನ ಹತ್ತಿರಕ್ಕೂ ಒಯ್ಯಕೂಡದು ಅಂತ ಠರಾವು ಪಾಸಾಯಿತು.

ಮೂರನೆಯ ದಿನ ವಿಭಾಳ ಫೋನು ಬಂತು. ಅಜ್ಜ ಉಳಿದದ್ದನ್ನು ಕೇಳುತ್ತಿದ್ದಾರೆ, ಕಣ್ಣಿರುವಾಗಲೇ ಒಂದು ಸಲ ಎಲ್ಲ ನೋಡಬೇಕಂತೆ, ಹದಿಮೂರನೆಯದರಲ್ಲಿ ಒಂದು ದೋಣಿಗೆ ನೆರಳೇ ಹಾಕಿಲ್ಲವಂತೆ ಅಂದಳು. ಹರಿಹರ, ಫೋಟೋ ತೆಗೆದು ಫೋನಿಗೆ ಕಳಿಸುತ್ತೇನೆ ಅಂದ. ಅಜ್ಜನಿಗೆ ಫೋನಿನ ಬೆಳಕಿನಲ್ಲಿ ಏನೂ ಕಾಣುವುದಿಲ್ಲ ಅಂದಳು ಅವಳು. ಹಾಗಾದರೆ ದೊಡ್ಡ ಜೆರಾಕ್ಸ್ ಮಾಡಿಸುತ್ತೇನೆ ಅಂದ.

“ಅಂಕಲ್, ತಪ್ಪಾ ಎಡುತ್ಕಾದೀಂಗ, ತಪ್ಪು ತಿಳ್ಕೋಬೇಡಿ. ನೀವು ಇಷ್ಟು ವರ್ಷ ಹುಡುಕಿದ್ದು ನಮ್ಮ ತಾತನ್ನಾ, ಇಲ್ಲ ತಾತನ ಸೈನನ್ನಾ?”

ಹರಿಹರ ಫೋನು ಇಟ್ಟ. ಜೆರಾಕ್ಸೂ ಮಾಡಿಸಲಿಲ್ಲ, ಮಾಡಿಸಬೇಕಾದರೂ ಪುಸ್ತಕ ಬಿಡಿಸಬೇಕಲ್ಲ.

ಅಷ್ಟರಲ್ಲಿ ಕಟ್ಟಡಕ್ಕೇ ಕಾಲ ಬಂತು. ನೀರು ನಿಂತು ಕಂಬಗಳು ಬಿರಿದಿವೆ, ಕೆಡವಿ ಹೊಸದು ಕಟ್ಟುವುದು ಅಂತ ಹನ್ನೆರಡು ಮನೆಯವರೂ ಸಹಿ ಹಾಕಿದರು. ಯುಗಾದಿಗೆ ಮೂರು ವಾರ ಮೊದಲು ಮನೆ ಖಾಲಿ ಮಾಡಬೇಕು. ಹರಿಹರ ಅಂಬತ್ತೂರಿನಲ್ಲಿ ಬಾಡಿಗೆ ಮನೆ ನೋಡಿದ. ಕಿಟಕಿ ಕಡಿಮೆ ಇದೆ ಅಂತ ಅದನ್ನೇ ಆರಿಸಿದ್ದು.

ಖಾಲಿ ಮಾಡುವ ದಿನ ಲಾರಿ ಬೆಳಿಗ್ಗೆಯೇ ಸಾಮಾನು ಹೊತ್ತು ಹೋಯಿತು. ಬಾಗಿಲು ಕಿಟಕಿಗಳನ್ನು ಕಂಟ್ರಾಕ್ಟರನ ಕಡೆಯವರು ಆಗಲೇ ಕಿತ್ತಿದ್ದರು. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಹಾಲಿಗೆ ಬಿಸಿಲು ಬಿದ್ದಿತ್ತು. ಗೋಡೆಯ ಬಣ್ಣ ತಿಳಿಹಸಿರು ಅನ್ನುವುದು ಆವತ್ತೇ ಗೊತ್ತಾದದ್ದು, ಅಲ್ಲಿಯವರೆಗೆ ಬೂದಿ ಅಂದುಕೊಂಡಿದ್ದರು. ಉಳಿದದ್ದು ಒಂದು ಗ್ಯಾಸ್ ಒಲೆ, ಒಂದು ಸಾರಿನ ಪಾತ್ರೆ, ಪೆಟ್ಟಿಗೆ, ಗಂಡ ಹೆಂಡತಿ. ವೆಂಕಟಲಕ್ಷ್ಮಮ್ಮ ಹಿಂದಿನ ದಿನವೇ ಮಗನ ಮನೆಗೆ ಹೊರಟುಹೋಗಿದ್ದರು. ಹೋಗುವಾಗ ತುಂಗಾಳ ಕೈಗೆ ತಮ್ಮ ಒಗ್ಗರಣೆ ಸೌಟು ಕೊಟ್ಟು, “ಇನಿಮೇ ನೀನೇ ಪಾತ್ಕೋ,” ಅಂದಿದ್ದರು, ಇನ್ನು ಮೇಲೆ ನೀನೇ ನೋಡಿಕೋ ಅಂತ.

ತುಂಗಾ ಆ ಸೌಟನ್ನು ಹಿಡಿದುಕೊಂಡು ಗಂಡನ ಎದುರು ನಿಂತಳು.

“ರೀ, ಒಂದು ಕೇಳ್ಲಾ? ಆ ಮಿಂಚುಳ್ಳಿ ಕಥೆ ಏನು?”

“ಅದು ಕಣೇ, ಬಂದರಿನಲ್ಲಿ ಒಬ್ಬ ಗುಮಾಸ್ತ...” ಅಂತ ಹರಿಹರ ಶುರು ಮಾಡಿದ. ಬಹಳ ಚೆನ್ನಾಗಿ ಹೇಳಿದ. ಲೈಟ್‌ಹೌಸು, ಕಳ್ಳದೋಣಿ, ಉಪ್ಪಿನ ಗೋದಾಮು, ಎಲ್ಲ ಕಣ್ಣಿಗೆ ಕಟ್ಟುವ ಹಾಗೆ, ಕೈ ಬೀಸಿ, ಮೆಟ್ಟಿಲ ಕೆಳಗೆ ಕೂತ ಹುಡುಗನ ಹಾಗೆ. ಹತ್ತನೆಯ ಸಂಚಿಕೆಯವರೆಗೆ ಹೇಳಿ ನಿಂತುಬಿಟ್ಟ.

“ಆಮೇಲೆ?”

ಹರಿಹರ ಪೆಟ್ಟಿಗೆ ನೋಡಿದ.

“ಆಮೇಲೆ ಏನಾಯ್ತು ಅಂತ ನಿಮಗೇ ಗೊತ್ತಿಲ್ಲ,” ಅಂದಳು ತುಂಗಾ. ದನಿಯಲ್ಲಿ ಸಿಟ್ಟಿರಲಿಲ್ಲ. “ಅಷ್ಟಕ್ಕೆ ನಾನು ದಿನಾ ಮೂವತ್ತಾರು ಮೆಟ್ಟಿಲು ಹತ್ತಿದೆ. ಅಲ್ಲಿ ಬರೆದ ಮುದುಕನಿಗೂ ಗೊತ್ತಿಲ್ಲ, ಇಲ್ಲಿ ಇಟ್ಕೊಂಡ ಮುದುಕನಿಗೂ ಗೊತ್ತಿಲ್ಲ. ಒಬ್ರಿಗೆ ಯುಗಾದಿವರೆಗೆ ಕಣ್ಣಿದೆ. ನಿಮ್ಮ ಕಣ್ಣಿಗೆ ಯಾವ ರೋಗ?”

ಅಷ್ಟು ಹೇಳಿ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. ಸೌಟಿಗೆ ಎಣ್ಣೆ ಸುರಿದ ಸದ್ದಾಯಿತು. ಹರಿಹರ ಎದ್ದು ನಿಂತ. ಸಾಸಿವೆ ಸಿಡಿಯಿತು. ಒಣಮೆಣಸು, ಕರಿಬೇವು, ಇಂಗು. ಚುರ್ ಅಂತ ಸಾರಿಗೆ ಬಿದ್ದು, ಹೊಗೆ ಹಾಲಿಗೆ ಬಂದು, ಬಿಸಿಲಿನಲ್ಲಿ ತೇಲಿ, ಪೆಟ್ಟಿಗೆಯ ಮೇಲೆ ನಿಧಾನಕ್ಕೆ ಕೂತಿತು. ಹರಿಹರನ ಎದೆ ಹೊಡೆದುಕೊಂಡಿತು ನಿಜ. ಮೊದಲನೇ ಮಹಡಿಯವರು ಹೇಳುತ್ತಿದ್ದದ್ದು ಪೂರ್ತಿ ಸುಳ್ಳಲ್ಲ. ಅವನು ನೆಲದ ಮೇಲೆ ಕೂತ. ಪೆಟ್ಟಿಗೆ ತೆಗೆದ. ಮೇಲಿನ ಪುಸ್ತಕದ ಪ್ಲಾಸ್ಟಿಕ್ ಕವರನ್ನು ಉಗುರಿನಿಂದ ಬಿಡಿಸಿದ. ಆಮೇಲೆ ಅದರ ಕೆಳಗಿನದು.

ತುಂಗಾ ಹೊರಗೆ ಬಂದಾಗ ನಲವತ್ತು ಕವರು ಒಂದು ಕಡೆ, ನಲವತ್ತು ಪುಸ್ತಕ ಒಂದು ಕಡೆ ಇದ್ದವು. ಅವಳು ಕವರುಗಳನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಒಳ್ಳೆ ದಪ್ಪದವು, ಸಾರಿನ ಪುಡಿ ಕಟ್ಟಿಡಲು ಆಗುತ್ತದೆ ಅಂತ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

“ನಲವತ್ತನೇದು ಓದಿದ್ರಾ?”

“ಇಲ್ಲ. ಅಲ್ಲೇ ಓದೋಣ. ಅವರ ಕಣ್ಣಿಗೆ ಆಯಾಸ ಆದ್ರೆ ನಾನು ಓದಿ ಹೇಳ್ತೀನಿ.”

ಹರಿಹರ ವಿಭಾಳಿಗೆ ಫೋನು ಮಾಡಿ, ಇನ್ನೊಂದು ಗಂಟೆಯಲ್ಲಿ ಬರುತ್ತೇವೆ, ಎರಡು ಪೆನ್ನು ತೆಗೆದಿಡು, ಅನ್ನ ಮಾತ್ರ ಮಾಡು, ಸಾರು ನಾವು ತರುತ್ತೇವೆ ಅಂದ. ಗಿರಿಧರನ ಹೆಸರೂ ಒಮ್ಮೆ ಫೋನಿನ ಪರದೆಯ ಮೇಲೆ ಮಿನುಗಿತು, ಠರಾವಿನ ವಿಷಯವಿರಬೇಕು. ಅದು ಅಷ್ಟಕ್ಕೇ ನಿಂತಿತು.

ಹಾಕಲು ಬಾಗಿಲಿರಲಿಲ್ಲ, ಹಾಗಾಗಿ ಬೀಗವೂ ಇರಲಿಲ್ಲ. ಹೊಸ್ತಿಲ ಜಾಗದಲ್ಲಿ ಹರಿಹರ ಅಭ್ಯಾಸಬಲದಿಂದ ಜೇಬಿನಲ್ಲಿ ಬೀಗದ ಕೈ ಹುಡುಕಿದ. ಸಿಕ್ಕಿದ್ದು ಬಿಳಿ ಗ್ಲೌಸು. ಅದನ್ನು ತುಂಗಾಳಿಗೆ ಕೊಟ್ಟ, ಅವಳು ಅದರಲ್ಲೇ ಬಿಸಿ ಪಾತ್ರೆಯ ಕಿವಿ ಹಿಡಿದುಕೊಂಡಳು. ಗೇಟಿನ ಹತ್ತಿರ ಆಟೋದವನು ಸಾಮಾನು ನೋಡಿ, ಪಾತ್ರೆ ಕಾಲ ಕೆಳಗೆ ಇಟ್ಟರೆ ಚೆಲ್ಲುತ್ತೆ ಅಂದ. ಹರಿಹರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡ. ಸಾರಿನ ಪಾತ್ರೆಯನ್ನು ಪೆಟ್ಟಿಗೆಯ ಮೇಲಿಟ್ಟುಕೊಂಡ. ಎರಡೂ ಕೈಯಿಂದ ತಬ್ಬಿ ಹಿಡಿದು, ಕೋಡಂಬಾಕ್ಕಂ ಅಂದ.